ಅಂಚೆಪೆಟ್ಟಿಗೆ, ಪಂದ್ಯ, ನ್ಯಾಯಾಲಯ: ಯಾನುಷ್ ಕೋರ್ಚಾಕರ ಬದುಕು

ಪೋಲೆಂಡಿನ ವಾರ್ಸಾ ನಗರದ ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಒಮ್ಮೆ ಶಿಕ್ಷಕ ಪ್ರಶಿಕ್ಷಣಾರ್ಥಿಗಳಿಗೆ ತರಗತಿ ನಡೆಯಿತು. ಅಂದಿನ ವಿಷಯ ಮಗುವಿನ ಹೃದಯ. ಉಪನ್ಯಾಸಕರು ಒಬ್ಬ ಪುಟ್ಟ ಹುಡುಗನ ಕೈಹಿಡಿದು ಒಳಗೆ ಬಂದರು. ಅವನ ಅಂಗಿ ಬಿಚ್ಚಿಸಿ ಯಂತ್ರದ ಪರದೆಯ ಹಿಂದೆ ನಿಲ್ಲಿಸಿ ದೀಪ ಆರಿಸಿದರು. ಕತ್ತಲಲ್ಲಿ ಪರದೆಯ ಮೇಲೆ ಹುಡುಗನ ಹೃದಯ ಕಾಣಿಸಿತು. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಮುಖಗಳು, ಕತ್ತಲೆ. ಹೃದಯ ಧಡಧಡನೆ ಹೊಡೆದುಕೊಳ್ಳುತ್ತಿತ್ತು. ಮುಂದೆ ಮಕ್ಕಳ ಮೇಲೆ ಸಿಟ್ಟು ಬಂದು ಕೈ ಎತ್ತುವ ಹಾಗಾದರೆ ಈ ನೋಟವನ್ನು ನೆನೆಸಿಕೊಳ್ಳಿ ಎಂಬರ್ಥದ ಒಂದೆರಡು ಮಾತು ಹೇಳಿ ಅವರು ಅಂದಿನ ತರಗತಿಯನ್ನು ಮುಗಿಸಿದರು. ಆ ಉಪನ್ಯಾಸಕರೇ ಯಾನುಷ್ ಕೋರ್ಚಾಕ್.

ನಾನು ವಿಜ್ಞಾನ ಓದಿ ಬಿ.ಎಡ್.ಗೆ ಬಂದವಳು. ಭಯವಾದಾಗ ಅಡ್ರಿನಲಿನ್ ಸ್ರವಿಸುತ್ತದೆ, ಹೃದಯದ ಬಡಿತ ಏರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಈ ವರ್ಷದ ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ಹದಿಹರೆಯದ ಪಾಠವನ್ನೂ ಮಾಡಿದೆ. ಗ್ರಂಥಿಗಳ ಚಿತ್ರ ಬರೆಸಿ ಹೆಸರು ಗುರುತಿಸಿ ಎನ್ನುವುದು ಸುಲಭ. ಅದೇ ಗ್ರಂಥಿಗಳು ಒಳಗೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ಒಂದೇ ಬೆಂಚಿನ ಇಬ್ಬರು ಗೆಳತಿಯರು ಒಂದು ಪೆನ್ನಿನ ಕಾರಣಕ್ಕೆ ಮೂರು ದಿನ ಮಾತು ಬಿಟ್ಟರೆ, ನಿನ್ನೆವರೆಗೆ ನಗುತ್ತಿದ್ದ ಹುಡುಗ ಹಾಜರಿ ಕರೆದಾಗಲೂ ಬಾಯಿ ತೆರೆಯದಿದ್ದರೆ ಏನು ಮಾಡಬೇಕೆಂದು ಹೇಳುವ ಕಾಲಂ ಪಾಠಯೋಜನೆಯಲ್ಲಿ ಇರುವುದಿಲ್ಲ.

ಮನೋವಿಜ್ಞಾನದ ಪತ್ರಿಕೆಯಲ್ಲಿ ನಾವು ಸಂವೇಗಾತ್ಮಕ ಬುದ್ಧಿಶಕ್ತಿಯ ಬಗ್ಗೆ ಓದುತ್ತೇವೆ. ಪೀಟರ್ ಸಾಲೋವೆ ಮತ್ತು ಜಾನ್ ಮೇಯರ್ 1990ರಲ್ಲಿ ಈ ಪರಿಕಲ್ಪನೆಯನ್ನು ಮಂಡಿಸಿದರು. 1995ರಲ್ಲಿ ಬಂದ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕ ಅದನ್ನು ಜನಪ್ರಿಯಗೊಳಿಸಿತು. ತನ್ನ ಭಾವನೆಯನ್ನು ಗುರುತಿಸುವುದು, ಇನ್ನೊಬ್ಬರದನ್ನು ಅರಿಯುವುದು, ಎರಡನ್ನೂ ನಿಭಾಯಿಸುವುದು ಎಂದು ನಾವೆಲ್ಲ ಟಿಪ್ಪಣಿ ಮಾಡಿಕೊಂಡಿದ್ದೇವೆ. ಈ ಹೆಸರು ಹುಟ್ಟುವ ಸುಮಾರು ಅರ್ಧ ಶತಮಾನ ಮೊದಲೇ ಕೋರ್ಚಾಕ್ ತೀರಿಕೊಂಡಿದ್ದರು. ಅವರನ್ನು ಎಳೆದು ತಂದು ಈ ಸಿದ್ಧಾಂತದ ಮೂಲಪುರುಷರನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಆದರೆ ಏಳರಿಂದ ಹದಿನಾಲ್ಕು ವರ್ಷದ ನೂರು ಮಕ್ಕಳ ಸಿಟ್ಟು, ಅಳು, ಜಗಳ, ನಾಚಿಕೆಗಳ ನಡುವೆ ಒಬ್ಬ ವೈದ್ಯರು ಹತ್ತಿರ ಹತ್ತಿರ ಮೂವತ್ತು ವರ್ಷ ದುಡಿದರೆ ಏನೇನು ಕಂಡುಕೊಳ್ಳಬಹುದು ಎಂಬುದು ಅವರ ಬದುಕಿನಲ್ಲಿದೆ. ಅವರು ಭಾವನೆಗಳ ಬಗ್ಗೆ ಮಕ್ಕಳಿಗೆ ಪಾಠ ಮಾಡಿದ್ದು ಕಡಿಮೆ. ಮನೆಯ ದಿನಚರಿಯಲ್ಲೇ ಅದಕ್ಕೊಂದು ಏರ್ಪಾಟು ಮಾಡಿದರು. ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಬೇಕಾದದ್ದು ಆ ಏರ್ಪಾಟಿನ ವಿವರ ಎಂದು ನನಗೆ ಅನ್ನಿಸಿದ್ದರಿಂದ ಈ ಬರಹ.

ಅವರ ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ಹುಟ್ಟಿದ್ದು ವಾರ್ಸಾದಲ್ಲಿ, ಜುಲೈ 22ರಂದು. ಇಸವಿ 1878 ಅಥವಾ 1879. ತಂದೆ ಜನನ ನೋಂದಣಿಯನ್ನು ಸಕಾಲಕ್ಕೆ ಮಾಡಿಸದ ಕಾರಣ ಕೋರ್ಚಾಕರಿಗೇ ಅದು ಖಚಿತವಿರಲಿಲ್ಲ. ತಂದೆ ಯೂಜೆಫ್ ಹೆಸರುವಾಸಿ ವಕೀಲರು. ಅನುಕೂಲಸ್ಥ ಯಹೂದಿ ಕುಟುಂಬ, ಮನೆಯಲ್ಲಿ ಆಡುವ ಭಾಷೆ ಪೋಲಿಷ್. ಪೋಲೆಂಡ್ ಆಗ ಸ್ವತಂತ್ರ ದೇಶವಾಗಿರಲಿಲ್ಲ. ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು.

ಹೆನ್ರಿಕ್‌ಗೆ ಐದು ವರ್ಷವಾಗಿದ್ದಾಗ ಅವನು ಸಾಕಿದ್ದ ಕೆನರಿ ಹಕ್ಕಿ ಸತ್ತುಹೋಯಿತು. ಮಿಠಾಯಿ ಡಬ್ಬಿಯಲ್ಲಿ ಹತ್ತಿ ಹಾಸಿ ಹಕ್ಕಿಯನ್ನಿಟ್ಟು ಅಂಗಳದ ಮರದ ಕೆಳಗೆ ಹೂಳಲು ಹೊರಟ. ಮೇಲೊಂದು ಮರದ ಶಿಲುಬೆ ನೆಡಬೇಕೆಂದು ಅವನ ಆಸೆ. ಮನೆಗೆಲಸದವಳು ಬೇಡವೆಂದಳು. ಬರೀ ಹಕ್ಕಿ, ಅದಕ್ಕಾಗಿ ಅಳುವುದೇ ಪಾಪ ಎಂಬುದು ಅವಳ ಮಾತು. ಅಷ್ಟರಲ್ಲಿ ಕಟ್ಟಡದ ಕಾವಲುಗಾರನ ಮಗ ಬಂದು, ಈ ಹಕ್ಕಿ ಯಹೂದಿ, ನೀನೂ ಯಹೂದಿ, ನಿಮಗೆ ಸ್ವರ್ಗವಿಲ್ಲ ಎಂದು ಖಚಿತವಾಗಿ ತಿಳಿಸಿದ. ತಾನು ಯಾರೆಂಬುದು ಹೆನ್ರಿಕ್‌ಗೆ ಗೊತ್ತಾದದ್ದೇ ಹೀಗೆ. ಸುಮಾರು ಅರವತ್ತು ವರ್ಷಗಳ ನಂತರ, ಸಾವಿನ ಬಾಗಿಲಲ್ಲಿ ಕೂತು ಬರೆದ ದಿನಚರಿಯಲ್ಲಿ ಆ ಮುದುಕ ಈ ಪ್ರಸಂಗವನ್ನು ಮರೆಯದೆ ದಾಖಲಿಸಿದ್ದಾರೆ. ಮಗುವಿನ ದುಃಖ ಗಾತ್ರದಲ್ಲಿ ಚಿಕ್ಕದು ಎಂದು ನಾವು ಲೆಕ್ಕ ಹಾಕುತ್ತೇವಲ್ಲ, ಆ ಲೆಕ್ಕವನ್ನು ಅವರು ಜೀವಮಾನವಿಡೀ ಒಪ್ಪಲಿಲ್ಲ.

ತಂದೆಗೆ ಮಗ ಮಂಕು, ದಡ್ಡ. ಹಾಗೆಂದು ಬಯ್ಯುತ್ತಲೂ ಇದ್ದರು. ಹುಡುಗನ ಮಾತಿಗೆ ಕಿವಿಗೊಟ್ಟವಳು ಅಜ್ಜಿ. ಜಗತ್ತಿನಲ್ಲಿ ದುಡ್ಡೇ ಇಲ್ಲದಂತೆ ಮಾಡಿದರೆ ಬಡ ಮಕ್ಕಳಿರುವುದಿಲ್ಲ ಎಂಬ ತನ್ನ ದೊಡ್ಡ ಯೋಜನೆಯನ್ನು ಅವನು ಹೇಳಿದ್ದು ಅವಳಿಗೇ. ಅವಳು ನಗಲಿಲ್ಲ, ಒಣದ್ರಾಕ್ಷಿ ಕೊಟ್ಟು ತತ್ತ್ವಜ್ಞಾನಿ ಎಂದು ಕರೆದಳು. ಶಾಲೆಯಲ್ಲಿ ಇಂಥ ಕಿವಿ ಸಿಗಲಿಲ್ಲ. ರಷ್ಯನ್ ಭಾಷೆಯಲ್ಲೇ ಪಾಠ, ಬೆತ್ತದ ಶಿಸ್ತು. ಏಳರ ಪ್ರಾಯದಲ್ಲಿ ಸಹಪಾಠಿಯೊಬ್ಬನಿಗೆ ಎಲ್ಲರೆದುರು ಬಿದ್ದ ಏಟುಗಳನ್ನು ನೋಡಿ ಅವನು ಎಷ್ಟು ಹೆದರಿದನೆಂದರೆ ತಂದೆತಾಯಿ ಆ ಶಾಲೆಯನ್ನೇ ಬಿಡಿಸಬೇಕಾಯಿತು.

ಹನ್ನೊಂದರ ಆಸುಪಾಸಿನಲ್ಲಿ ತಂದೆಗೆ ಮಾನಸಿಕ ಕಾಯಿಲೆ ಕಾಣಿಸಿಕೊಂಡಿತು. ಚೇತರಿಕೆ, ಮತ್ತೆ ಕಾಯಿಲೆ, ಮಾನಸಿಕ ಆಸ್ಪತ್ರೆ. ಚಿಕಿತ್ಸೆಗೆ ಮನೆಯ ಸಾಮಾನುಗಳೆಲ್ಲ ಒಂದೊಂದಾಗಿ ಕರಗಿದವು. 1896ರಲ್ಲಿ ತಂದೆ ತೀರಿಕೊಂಡರು. ಹೆನ್ರಿಕ್ ಅದಕ್ಕೂ ಮೊದಲೇ ಸಿರಿವಂತರ ಮಕ್ಕಳಿಗೆ ಮನೆಪಾಠ ಹೇಳಿ ತಾಯಿಯನ್ನೂ ಸಹೋದರಿಯನ್ನೂ ಸಾಕುವ ಕೆಲಸಕ್ಕೆ ಬಿದ್ದಿದ್ದ. ಹುಡುಗನಿಗೆ ಹದಿಹರೆಯ ಬಂದದ್ದೂ ಮನೆಯಲ್ಲಿ ಬುದ್ಧಿಭ್ರಮಣೆ ಬಂದದ್ದೂ ಒಟ್ಟಿಗೇ. ತನಗೂ ಆ ಕಾಯಿಲೆ ಬಂದೀತೆಂಬ ಭಯ ಅವರನ್ನು ಕೊನೆವರೆಗೂ ಬಿಡಲಿಲ್ಲ. ಅವರು ಮದುವೆಯಾಗಲಿಲ್ಲ. ಎಂಟು, ಒಂಬತ್ತನೇ ತರಗತಿಯ ಮಕ್ಕಳ ದಾಖಲೆ ಪುಸ್ತಕದಲ್ಲಿ ತಂದೆಯ ಉದ್ಯೋಗ ಎಂಬ ಕಾಲಂ ತುಂಬುವಾಗ ಕೆಲವು ಮಕ್ಕಳು ತಡವರಿಸುವುದನ್ನು ನೋಡಿದ್ದೇನೆ. ಆ ತಡವರಿಕೆಯ ಹಿಂದೆ ಇಂಥದ್ದೇನಾದರೂ ಇರಬಹುದು ಎಂದು ಈಗ ಯೋಚನೆ ಬರುತ್ತದೆ.

1898ರಲ್ಲಿ ನಾಟಕ ಸ್ಪರ್ಧೆಯೊಂದಕ್ಕೆ ಹೆಸರು ಮರೆಸಿ ಕಳಿಸಬೇಕಾದಾಗ ಹಳೆಯ ಕಾದಂಬರಿಯೊಂದರ ಪಾತ್ರದ ಹೆಸರನ್ನು ಎರವಲು ಪಡೆದು ಯಾನುಷ್ ಕೋರ್ಚಾಕ್ ಆದರು. ಅದೇ ವರ್ಷ ವೈದ್ಯಕೀಯ ಓದಲು ಸೇರಿದರು. 1905ರಲ್ಲಿ ಪದವಿ, ಕೂಡಲೇ ರಷ್ಯಾ-ಜಪಾನ್ ಯುದ್ಧದಲ್ಲಿ ಸೇನಾವೈದ್ಯ, ಮರಳಿದ ಮೇಲೆ ವಾರ್ಸಾದ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. ಲೇಖಕರಾಗಿ ಹೆಸರು ಬಂತು. ಸಿರಿವಂತರು ಮನೆಗೆ ಕರೆಸಿ ಹೆಚ್ಚು ಹಣ ಕೊಡುತ್ತಿದ್ದರು, ಬಡವರನ್ನು ಅವರು ಹೆಸರಿಗಷ್ಟೇ ಕಾಸು ಪಡೆದು ನೋಡುತ್ತಿದ್ದರು.

ಅವರನ್ನು ಶಿಕ್ಷಕರನ್ನಾಗಿ ಮಾಡಿದ್ದು ಬೇಸಿಗೆ ಶಿಬಿರಗಳು. ಬಡ ಮಕ್ಕಳನ್ನು ಕೆಲವು ವಾರ ಹಳ್ಳಿಗೆ ಕರೆದೊಯ್ಯುವ ಶಿಬಿರಗಳಿಗೆ ಅವರು 1904ರಿಂದ ಮೇಲ್ವಿಚಾರಕರಾಗಿ ಹೋದರು. ಆಟದ ಸಾಮಾನು, ಪಟಾಕಿ, ಕಥೆ ಎಲ್ಲ ಸಿದ್ಧಮಾಡಿಕೊಂಡು ಹೋದ ಉತ್ಸಾಹಿ ಯುವಕನಿಗೆ ಮೊದಲ ದಿನಗಳಲ್ಲೇ ಗದ್ದಲ ಕೈಮೀರಿತು. ಮಕ್ಕಳ ಹೆಸರು ನೆನಪಿಲ್ಲ, ಬಲಿಷ್ಠ ಹುಡುಗರು ಒಳ್ಳೆಯ ಜಾಗಗಳನ್ನೆಲ್ಲ ಹಿಡಿದಿದ್ದಾರೆ, ರಾತ್ರಿ ಮಲಗುವ ಕೋಣೆಯಲ್ಲಿ ಶಿಳ್ಳೆ, ಕೂಗಾಟ. ಅವರು ತಾಳ್ಮೆ ಕಳೆದುಕೊಂಡು ಗದರಿದರು, ಹೆದರಿಸಿದರು. ಆಮೇಲೆ ಕೂತು ಇದನ್ನೆಲ್ಲ ಮುಚ್ಚಿಡದೆ ಬರೆದರು. ಬೋಧನಾಭ್ಯಾಸದ ಮೊದಲ ವಾರವನ್ನು ಇಷ್ಟು ನಿಜವಾಗಿ ವರ್ಣಿಸಿದ ಬರಹ ನಮ್ಮ ಪಠ್ಯಗಳಲ್ಲಿ ನನಗೆ ಸಿಕ್ಕಿಲ್ಲ. ಅಲ್ಲಿ ಅವರು ಕಂಡುಕೊಂಡದ್ದು ಇಷ್ಟು: ಮಕ್ಕಳಿಗೆ ಮಾತು ಹೇಳುವುದನ್ನು ಬಿಟ್ಟು ಮಕ್ಕಳೊಂದಿಗೆ ಮಾತಾಡಿದಾಗ, ಅವರ ಸಲಹೆಯನ್ನೇ ಕೇಳಿದಾಗ ಗದ್ದಲ ತಗ್ಗಿತು.

1912ರ ಅಕ್ಟೋಬರಿನಲ್ಲಿ ವಾರ್ಸಾದ ಕ್ರೋಹ್ಮಾಲ್ನಾ ಬೀದಿಯ 92ನೇ ನಂಬರಿನ ಹೊಸ ಕಟ್ಟಡದಲ್ಲಿ ಯಹೂದಿ ಮಕ್ಕಳ ಅನಾಥಾಲಯ ಆರಂಭವಾಯಿತು. ಪೋಲಿಷ್ ಭಾಷೆಯಲ್ಲಿ ಅದರ ಹೆಸರು ದೋಮ್ ಶೆರೋತ್. ಕೋರ್ಚಾಕ್ ಆಸ್ಪತ್ರೆಯ ಕೆಲಸ ಬಿಟ್ಟು ಅದರ ನಿರ್ದೇಶಕರಾದರು. ಅವರ ಜೊತೆಗೆ ನಿಂತವರು ಸ್ಟೆಫಾನಿಯಾ ವಿಲ್ಚಿನ್ಸ್ಕಾ. ಬೆಳಗ್ಗೆಯಿಂದ ರಾತ್ರಿವರೆಗೆ ಮನೆ ನಡೆಯುತ್ತಿದ್ದದ್ದು ಅವರಿಂದ. ಮಕ್ಕಳು ಅವರನ್ನು ಪಾನಿ ಸ್ಟೆಫಾ, ಅಂದರೆ ಸ್ಟೆಫಾ ಅಮ್ಮನವರು, ಎನ್ನುತ್ತಿದ್ದರು. ಕೋರ್ಚಾಕರ ಬಗ್ಗೆ ಬರೆಯುವವರೆಲ್ಲ ಸ್ಟೆಫಾ ಅವರನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಅದು ಸರಿಯಲ್ಲ ಎಂದು ಅನ್ನಿಸಿದರೂ ಈ ಪುಟಗಳ ಮಿತಿಯಲ್ಲಿ ನಾನೂ ಹೆಚ್ಚು ಬರೆಯಲಾರೆ.

ಮೊದಲ ವರ್ಷ ತುಂಬ ಕಷ್ಟದ್ದಾಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಹಸಿವು, ಬೀದಿ, ಸಾವುಗಳನ್ನು ಕಂಡು ಬಂದ ಮಕ್ಕಳಿಗೆ ಹೊಸ ಕಟ್ಟಡವಾಗಲಿ ಹೊಸ ನಿಯಮವಾಗಲಿ ಹಿಡಿಸಲಿಲ್ಲ. ಅಲ್ಲಿಂದ ಮುಂದೆ ಒಂದೊಂದಾಗಿ ಹುಟ್ಟಿದ ಏರ್ಪಾಟುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲನೆಯದು ಅಂಚೆಪೆಟ್ಟಿಗೆ. ದಿನವಿಡೀ ಮಕ್ಕಳು ಓಡಿಬಂದು ಡಾಕ್ಟರೇ, ಅವನು ಹಾಗೆ ಮಾಡಿದ, ಇವಳು ಹೀಗೆಂದಳು, ನನಗೆ ಅದು ಬೇಕು ಎನ್ನುತ್ತಿದ್ದರು. ಬರೆದು ಪೆಟ್ಟಿಗೆಗೆ ಹಾಕು, ಸಂಜೆ ಓದಿ ಉತ್ತರಿಸುತ್ತೇನೆ ಎಂಬ ಪದ್ಧತಿ ಬಂತು. ಹಿರಿಯರ ತಲೆನೋವು ಕಡಿಮೆ ಮಾಡುವ ಉಪಾಯದಂತೆ ಇದು ಕಾಣುತ್ತದೆ, ಕೋರ್ಚಾಕ್ ಅದನ್ನು ಅಲ್ಲಗಳೆಯಲೂ ಇಲ್ಲ. ಆದರೆ ಪೆಟ್ಟಿಗೆಯಿಂದ ಮಕ್ಕಳು ಏನೇನು ಕಲಿತರು ಎಂದು ಅವರು ವಿವರವಾಗಿ ಗುರುತಿಸಿದ್ದಾರೆ. ಉತ್ತರಕ್ಕೆ ಕಾಯುವುದು, ದೊಡ್ಡ ವಿಷಯ ಯಾವುದು ಚಿಕ್ಕದು ಯಾವುದು ಎಂದು ವಿಂಗಡಿಸುವುದು, ಬರೆಯುವ ಮೊದಲು ಯೋಚಿಸುವುದು, ತನಗೆ ಬೇಕಾದದ್ದಕ್ಕೆ ಕಾರಣ ಕೊಡುವುದು. ಸಿಟ್ಟಿನಲ್ಲಿ ಓಡಿಬಂದ ಹುಡುಗ ಪೆನ್ಸಿಲ್ ಹುಡುಕಿ, ಕಾಗದ ಹುಡುಕಿ, ಸಾಲು ಬರೆಯುವಷ್ಟರಲ್ಲಿ ಸಿಟ್ಟಿನ ಅರ್ಧ ಇಳಿದಿರುತ್ತದೆ. ಇಳಿಯದೆ ಉಳಿದದ್ದು ಏನೋ ಅದಕ್ಕೆ ಉತ್ತರ ಬೇಕು. ಸಂವೇಗ ನಿಯಂತ್ರಣ ಎಂದು ನಾವು ಉರುಹೊಡೆಯುವುದು ಇದನ್ನೇ ಇರಬೇಕು.

ನಮ್ಮ ಶಾಲೆಗಳಲ್ಲಿಯೂ ದೂರು ಮತ್ತು ಸಲಹಾ ಪೆಟ್ಟಿಗೆಗಳಿವೆ. ನಾನು ನೋಡಿದ ಒಂದು ಶಾಲೆಯಲ್ಲಿ ಅದಕ್ಕೆ ಬೀಗವಿತ್ತು, ಕೀಲಿ ಯಾರ ಬಳಿ ಇದೆ ಎಂದು ಯಾರಿಗೂ ತಿಳಿದಿರಲಿಲ್ಲ. ಮೇಲೆ ಧೂಳು ಕೂತಿತ್ತು. ಕೋರ್ಚಾಕರ ಪೆಟ್ಟಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಸಂಜೆ ಓದುವುದರಲ್ಲಿದೆ, ಉತ್ತರ ಕೊಡುವುದರಲ್ಲಿದೆ. ಅಲ್ಲಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ಫಲಕವೂ ಇತ್ತು. ಅದರಲ್ಲಿ ಧನ್ಯವಾದಗಳ ಪಟ್ಟಿ, ಕ್ಷಮೆಯಾಚನೆಗಳ ಪಟ್ಟಿ. ಎದುರಿಗೆ ನಿಂತು ತಪ್ಪಾಯಿತು ಎನ್ನಲು ಬಾಯಿ ಬಾರದ ಹನ್ನೆರಡರ ಹುಡುಗನಿಗೆ ಪಟ್ಟಿಯಲ್ಲಿ ಹೆಸರು ಬರೆಯುವುದು ಸಾಧ್ಯವಾಗುತ್ತಿತ್ತು.

ಎರಡನೆಯದು ಪಂದ್ಯ. ನನಗೆ ಬಹಳ ಮೆಚ್ಚುಗೆಯಾದದ್ದು ಇದು. ಜಗಳಗಂಟ ಹುಡುಗ ಡಾಕ್ಟರ ಬಳಿ ಬಂದು, ಮುಂದಿನ ವಾರ ಇಷ್ಟಕ್ಕಿಂತ ಹೆಚ್ಚು ಜಗಳ ಮಾಡುವುದಿಲ್ಲ ಎಂದು ಪಂದ್ಯ ಕಟ್ಟಬಹುದಿತ್ತು. ಗೆದ್ದರೆ ಮಿಠಾಯಿ. ಸುಳ್ಳು ಹೇಳುವುದು, ಕೆಟ್ಟ ಮಾತಾಡುವುದು, ಎಲ್ಲದಕ್ಕೂ ಪಂದ್ಯವಿತ್ತು. ಒಮ್ಮೆಲೇ ಪೂರ್ತಿ ಬಿಡುತ್ತೇನೆ ಎಂದರೆ ಡಾಕ್ಟರು ಉತ್ತೇಜನ ಕೊಡುತ್ತಿರಲಿಲ್ಲ. ಸ್ವಲ್ಪ ಸ್ವಲ್ಪವೇ ಇಳಿಸು ಎನ್ನುತ್ತಿದ್ದರು. ವಾರದ ಕೊನೆಗೆ ಗೆದ್ದೆಯಾ ಸೋತೆಯಾ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಸಾಕ್ಷಿ ಕೇಳುತ್ತಿರಲಿಲ್ಲ, ಮಗು ಹೇಳಿದ್ದೇ ಲೆಕ್ಕ. ಇಲ್ಲಿ ಎರಡು ವಿಷಯ ಗಮನಿಸಬೇಕು. ಜಗಳವನ್ನು ಎಣಿಸಬೇಕಾದ ಹುಡುಗ ತನ್ನ ಸಿಟ್ಟನ್ನು ತಾನೇ ಹೊರಗೆ ನಿಂತು ನೋಡಲು ಶುರುಮಾಡುತ್ತಾನೆ. ಮತ್ತೆ, ಏಳು ಜಗಳದಿಂದ ಐದಕ್ಕೆ ಬಂದದ್ದನ್ನು ಗೆಲುವೆಂದು ಒಪ್ಪುವ ಹಿರಿಯರೊಬ್ಬರು ಅವನಿಗೆ ಸಿಕ್ಕಿದ್ದಾರೆ. ಇನ್ನೊಮ್ಮೆ ಮಾಡುವುದಿಲ್ಲ ಎಂದು ತರಗತಿಯೆದುರು ನೂರು ಸಲ ಬರೆಸುವ ನಮ್ಮ ಪದ್ಧತಿಯಲ್ಲಿ ಈ ಐದಕ್ಕೆ ಜಾಗವಿಲ್ಲ.

ಹೊಸದಾಗಿ ಬಂದ ಪ್ರತಿ ಮಗುವಿಗೂ ಮೊದಲ ಮೂರು ತಿಂಗಳು ಹಳೆಯ ಮಗುವೊಂದು ಪೋಷಕರಾಗಿರುತ್ತಿತ್ತು. ಇಬ್ಬರ ನಡುವೆ ಒಂದು ನೋಟ್‌ಬುಕ್ ಓಡಾಡುತ್ತಿತ್ತು. ಬೇಸರ, ಮನೆಯ ನೆನಪು, ಮಾಡಿದ ಕಿತಾಪತಿ ಎಲ್ಲವನ್ನೂ ಹೊಸಬ ಬರೆಯುವುದು, ಹಳಬ ಉತ್ತರಿಸುವುದು. ಪ್ರತಿಯೊಬ್ಬರಿಗೂ ಸ್ವಂತ ಪುಟ್ಟ ಖಾನೆಯಿತ್ತು. ಅದರೊಳಗಿನ ದಾರದ ತುಂಡು, ಮಣಿ, ಕಲ್ಲುಗಳನ್ನು ಕಸವೆಂದು ಯಾರೂ ಎಸೆಯುವಂತಿರಲಿಲ್ಲ.

ಇನ್ನು ಮಕ್ಕಳ ನ್ಯಾಯಾಲಯ. ಅದರಲ್ಲಿ ಐವರು ನ್ಯಾಯಾಧೀಶರು. ಆ ವಾರ ತಮ್ಮ ಮೇಲೆ ಯಾವ ದೂರೂ ಇಲ್ಲದ ಮಕ್ಕಳಿಂದ ಚೀಟಿ ಎತ್ತಿ ಅವರನ್ನು ಆರಿಸುತ್ತಿದ್ದರು. ಕೋರ್ಚಾಕರು ಬರೆದ ಸಂಹಿತೆಯ ವಿಧಿಗಳ ಸಂಖ್ಯೆ ಸಾವಿರದವರೆಗೆ ಹೋಗುತ್ತದೆ. ಆದರೆ ಒಂದರಿಂದ ತೊಂಬತ್ತೊಂಬತ್ತರವರೆಗಿನ ವಿಧಿಗಳೆಲ್ಲ ಬಿಡುಗಡೆಯ, ಕ್ಷಮೆಯ ವಿಧಿಗಳು. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮೆ, ಮತ್ತೆ ಮಾಡುವುದಿಲ್ಲವೆಂಬ ನಂಬಿಕೆಯಿದ್ದರೆ ಕ್ಷಮೆ, ದೂರು ಕೊಟ್ಟವನೇ ಹಿಂತೆಗೆದುಕೊಂಡರೆ ಅಲ್ಲಿಗೇ ಮುಗಿಯಿತು. ನೂರರಿಂದ ಮುಂದೆ ನೂರು ನೂರಾಗಿ ಏರುತ್ತ ತಪ್ಪೆಂದು ಹೇಳುವ ವಿಧಿಗಳು. ಸಾವಿರ ಎಂದರೆ ಮನೆಯಿಂದ ಹೊರಹಾಕುವುದು, ಅದು ಬಹಳ ಅಪರೂಪ.

ಈ ನ್ಯಾಯಾಲಯವೇನೂ ಮೊದಲಿನಿಂದ ಸುಸೂತ್ರವಾಗಿ ನಡೆಯಲಿಲ್ಲ. ಮಕ್ಕಳು ಅದನ್ನು ತಮಾಷೆಗೆ ಬಳಸಿದರು, ಕೆಲವರು ಕ್ಷಮೆಯ ವಿಧಿಗಳನ್ನೇ ನೆಚ್ಚಿ ಕಾಟ ಕೊಟ್ಟರು. ಕೆಲವು ವಾರ ಅದನ್ನು ನಿಲ್ಲಿಸಿ ತಿದ್ದುಪಡಿಗಳೊಂದಿಗೆ ಮತ್ತೆ ಆರಂಭಿಸಬೇಕಾಯಿತು. ಹಿರಿಯರ ಮೇಲೂ ಮಕ್ಕಳು ದೂರು ಕೊಡಬಹುದು ಎಂಬುದು ಆ ತಿದ್ದುಪಡಿಗಳಲ್ಲಿ ಒಂದು. ಆರು ತಿಂಗಳಲ್ಲಿ ಕೋರ್ಚಾಕರು ಐದು ಸಲ ಆ ಮಕ್ಕಳ ಮುಂದೆ ಆರೋಪಿಯಾಗಿ ನಿಂತರು. ಒಬ್ಬ ಹುಡುಗನ ಕಿವಿಗೆ ಹೊಡೆದದ್ದು, ಒಬ್ಬನನ್ನು ಮಲಗುವ ಕೋಣೆಯಿಂದ ಹೊರಹಾಕಿದ್ದು, ಒಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದು, ನ್ಯಾಯಾಧೀಶರೊಬ್ಬರನ್ನು ಅವಮಾನಿಸಿದ್ದು, ಒಬ್ಬ ಹುಡುಗಿಯ ಮೇಲೆ ಕಳ್ಳತನದ ಅನುಮಾನಪಟ್ಟದ್ದು. ಇವುಗಳನ್ನು ಅವರೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಾರೆ. ಈ ವಿಚಾರಣೆಗಳು ತನ್ನನ್ನು ಹೊಸ ಬಗೆಯ ಶಿಕ್ಷಕನನ್ನಾಗಿ ರೂಪಿಸಿದವು ಎಂಬ ಅರ್ಥದ ಮಾತನ್ನೂ ಬರೆದಿದ್ದಾರೆ. ಎಕ್ಸ್‌ರೇ ಕೋಣೆಯಲ್ಲಿ ಹೃದಯ ತೋರಿಸಿದವರ ಕೈಯೂ ಒಮ್ಮೊಮ್ಮೆ ಎದ್ದಿತ್ತು. ಎದ್ದ ಕೈಗೆ ಉತ್ತರ ಹೇಳಬೇಕಾದ ಒಂದು ಜಾಗವನ್ನು ಅವರು ತಮಗಾಗಿಯೇ ಕಟ್ಟಿಕೊಂಡಿದ್ದರು.

ಅವರ ಎಲ್ಲ ಪ್ರಯೋಗಗಳೂ ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಪರಸ್ಪರರ ಬಗ್ಗೆ ಮತ ಹಾಕುವ ಪದ್ಧತಿಯೊಂದಿತ್ತು. ಇಷ್ಟವಿದ್ದರೆ ಅಧಿಕ ಚಿಹ್ನೆ, ಇಲ್ಲದಿದ್ದರೆ ಕಳೆಯುವ ಚಿಹ್ನೆ, ಎರಡೂ ಇಲ್ಲವೆಂದರೆ ಸೊನ್ನೆ. ಬಂದ ಮತಗಳ ಮೇಲೆ ಮಗುವಿಗೆ ಮನೆಯಲ್ಲಿ ದರ್ಜೆ. ಅತ್ಯಂತ ಕೆಳಗಿನ ದರ್ಜೆಯ ಹೆಸರನ್ನು ಕನ್ನಡಕ್ಕೆ ತಂದರೆ ಹೊರೆಯಾಗಿರುವ ಹೊಸಬ ಎಂದಾಗುತ್ತದೆ. ಮತ ಮತ್ತೆ ಹಾಕಿಸಬಹುದಿತ್ತು, ದರ್ಜೆ ಏರಬಹುದಿತ್ತು, ನಿಜ. ಆದರೂ ಸ್ನೇಹಿತರ ಒಂದು ನೋಟಕ್ಕೇ ಕುಸಿಯುವ ಹದಿಮೂರರ ವಯಸ್ಸಿನಲ್ಲಿ ಇಂಥ ಎಣಿಕೆಯನ್ನು ಹಾಳೆಯ ಮೇಲೆ ಕಾಣುವುದು ಎಷ್ಟು ಜನಕ್ಕೆ ತಾಳಿಕೆಯಾದೀತು? ಸಮಾಜಮಿತಿ ಎಂದು ನಾವು ಪ್ರಾಯೋಗಿಕ ದಾಖಲೆಗೆ ಮಾಡುವ ಚಟುವಟಿಕೆಯ ಫಲಿತಾಂಶವನ್ನು ಮಕ್ಕಳಿಗೆ ತೋರಿಸಬಾರದು ಎಂದು ನಮ್ಮ ಉಪನ್ಯಾಸಕರು ಎಚ್ಚರಿಸುತ್ತಾರೆ. ಆ ಎಚ್ಚರಿಕೆಯ ಪರವಾಗಿ ನಾನಿದ್ದೇನೆ.

ಮೊದಲ ಮಹಾಯುದ್ಧದಲ್ಲಿ ಕೋರ್ಚಾಕರು ಮತ್ತೆ ಸೇನಾವೈದ್ಯರಾಗಿ ಹೋದರು. ಮಗುವನ್ನು ಪ್ರೀತಿಸುವುದು ಹೇಗೆ ಎಂಬ ಅವರ ದೊಡ್ಡ ಪುಸ್ತಕದ ಬಹುಭಾಗ ಬರೆದದ್ದು ಆ ಗಾಯಾಳುಗಳ ನಡುವೆ. ಯುದ್ಧದ ನಂತರ ಪೋಲೆಂಡ್ ಸ್ವತಂತ್ರವಾಯಿತು. 1919ರಲ್ಲಿ ಮಾರಿಯಾ ಫಾಲ್ಸ್ಕಾ ಅವರೊಂದಿಗೆ ಪೋಲಿಷ್ ಮಕ್ಕಳಿಗಾಗಿ ಇನ್ನೊಂದು ಮನೆ ಆರಂಭಿಸಿದರು. 1923ರ ಹೊತ್ತಿಗೆ ಬಂದ ಮೊದಲನೆಯ ಮಾಟ್ ಎಂಬ ಬಾಲರಾಜನ ಕಥೆ ಅವರನ್ನು ದೇಶದ ಮಕ್ಕಳಿಗೆಲ್ಲ ಪರಿಚಿತರನ್ನಾಗಿಸಿತು. 1929ರಲ್ಲಿ ಗೌರವ ಪಡೆಯುವ ಮಗುವಿನ ಹಕ್ಕಿನ ಬಗ್ಗೆ ಪುಟ್ಟ ಪುಸ್ತಕ ಪ್ರಕಟವಾಯಿತು. 1926ರ ಅಕ್ಟೋಬರಿನಿಂದ ಪ್ರತಿ ಶುಕ್ರವಾರ ವಾರ್ಸಾದ ದಿನಪತ್ರಿಕೆಯೊಂದರ ಪುರವಣಿಯಾಗಿ ಮಕ್ಕಳೇ ಬರೆಯುವ ಪತ್ರಿಕೆಯನ್ನು ಹೊರಡಿಸಿದರು. ಹಿರಿಯರು ಸುಳ್ಳು ಭರವಸೆ ಕೊಟ್ಟದ್ದು, ಶಾಲೆಯಲ್ಲಿ ಅವಮಾನವಾದದ್ದು, ಮನೆಯಲ್ಲಿ ಯಾರೂ ಕೇಳದೇ ಇದ್ದದ್ದು ಎಲ್ಲ ಅಲ್ಲಿ ಅಚ್ಚಾಗುತ್ತಿತ್ತು. ಎರಡನೇ ಮಹಾಯುದ್ಧ ಆರಂಭವಾದ ದಿನದವರೆಗೂ ಅದು ನಡೆಯಿತು. 1930ರ ದಶಕದಲ್ಲಿ ರೇಡಿಯೋದಲ್ಲಿ ಮುದುಕ ಡಾಕ್ಟರ್ ಎಂಬ ಹೆಸರಿನಿಂದ ಮಾತಾಡುತ್ತಿದ್ದರು. ಯಹೂದಿ ದ್ವೇಷ ಏರುತ್ತಿದ್ದ ಕಾಲ, ನಿಜ ಹೆಸರು ಹೇಳುವಂತಿರಲಿಲ್ಲ. 1936ರಲ್ಲಿ ಆ ಕಾರ್ಯಕ್ರಮವನ್ನೂ ನಿಲ್ಲಿಸಿದರು.

ನಮಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿ ಹೇಳಲೇಬೇಕು. ಅನಾಥಾಲಯದಲ್ಲಿ ಬುರ್ಸಾ ಎಂಬ ವ್ಯವಸ್ಥೆಯಿತ್ತು. ಯುವ ಪ್ರಶಿಕ್ಷಣಾರ್ಥಿಗಳು ಅಲ್ಲೇ ಉಳಿದು, ದಿನಕ್ಕೆ ಕೆಲವು ಗಂಟೆ ಮಕ್ಕಳೊಂದಿಗೆ ಕೆಲಸ ಮಾಡಿ ಊಟ ವಸತಿ ಪಡೆಯುತ್ತಿದ್ದರು. ಅಂದು ಕಂಡದ್ದನ್ನು, ಅರ್ಥವಾಗದ್ದನ್ನು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಸ್ಟೆಫಾ ಅದನ್ನು ಓದಿ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ವಾರಕ್ಕೊಮ್ಮೆ ಎಲ್ಲರೂ ಕೂತು ಚರ್ಚೆ. ನಮ್ಮ ಅವಲೋಕನ ದಾಖಲೆಯಲ್ಲಿ ಕಪ್ಪುಹಲಗೆ ಬಳಕೆ, ಧ್ವನಿ, ಸಮಯ ಪಾಲನೆಗೆ ಅಂಕಗಳಿವೆ. ತರಗತಿಯಲ್ಲಿ ಇಂದು ಯಾವ ಮಗು ಯಾಕೆ ಸುಮ್ಮನಿತ್ತು ಎಂದು ಬರೆಯಲು ಒಂದು ಸಾಲು ಸೇರಿಸಬಹುದು ಎಂಬುದು ನನ್ನ ಸಲಹೆ. ದಾಖಲೆ ಪುಸ್ತಕದ ಅಂಚಿನಲ್ಲಿ ನಾನು ಅದನ್ನು ಈಗ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ನನ್ನ ಮಾರ್ಗದರ್ಶಿ ಶಿಕ್ಷಕರು ಅದರ ಕೆಳಗೆ ಒಮ್ಮೊಮ್ಮೆ ಆ ಮಗುವಿನ ಮನೆಯ ವಿಷಯ ಒಂದು ಸಾಲು ಬರೆಯುತ್ತಾರೆ.

1939ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಪೋಲೆಂಡಿಗೆ ನುಗ್ಗಿತು. 1940ರ ನವೆಂಬರಿನಲ್ಲಿ ವಾರ್ಸಾದ ಯಹೂದಿಗಳನ್ನೆಲ್ಲ ಗೋಡೆ ಕಟ್ಟಿದ ಘೆಟ್ಟೋದೊಳಗೆ ತುಂಬಿದರು. ಅನಾಥಾಲ್ಯವೂ ಕ್ರೋಹ್ಮಾಲ್ನಾದ ಕಟ್ಟಡ ಬಿಟ್ಟು ಒಳಗೆ ಹೋಗಬೇಕಾಯಿತು. ಸ್ಥಳಾಂತರದ ಹೊತ್ತಿನಲ್ಲಿ ಮಕ್ಕಳ ಆಲೂಗಡ್ಡೆ ಗಾಡಿಯನ್ನು ಕಸಿದುಕೊಂಡದ್ದನ್ನು ಕೇಳಲು ಹೋದ ಕೋರ್ಚಾಕರನ್ನು ಬಂಧಿಸಿ ಜೈಲಿಗೆ ಹಾಕಿದರು. ಬಿಡುಗಡೆಯಾಗಿ ಬಂದಾಗ ಆರೋಗ್ಯ ಕೆಟ್ಟಿತ್ತು. ಮಕ್ಕಳ ಸಂಖ್ಯೆ ಇನ್ನೂರರ ಹತ್ತಿರ ಬಂದಿತ್ತು. ಹಸಿವು, ಟೈಫಸ್, ಬೀದಿಯಲ್ಲಿ ಹೆಣಗಳು. ಅವರು ಚೀಲ ಹಿಡಿದು ಮನೆಮನೆಗೆ ಹೋಗಿ ಮಕ್ಕಳಿಗೆ ಆಹಾರ ಬೇಡಿ ತರುತ್ತಿದ್ದರು. ವಾರಕ್ಕೊಮ್ಮೆ ಪ್ರತಿ ಮಗುವಿನ ತೂಕ ನೋಡುವ ಹಳೆಯ ರೂಢಿಯನ್ನು ಬಿಡಲಿಲ್ಲ. ಪಾಠ, ನ್ಯಾಯಾಲಯ, ಸಭೆ ಎಲ್ಲ ನಡೆದೇ ಇದ್ದವು. ಮಕ್ಕಳು ದಿನಚರಿ ಬರೆದು ಅವರಿಗೆ ಓದಿ ಹೇಳುತ್ತಿದ್ದರು. ಅವರೂ ತಮ್ಮದರಿಂದ ಮಕ್ಕಳಿಗೆ ಓದುತ್ತಿದ್ದರು. ಹೊರಗೆ ಯಾವ ನ್ಯಾಯವೂ ಉಳಿಯದಿದ್ದಾಗ ಒಳಗೆ ಮಕ್ಕಳ ನ್ಯಾಯಾಲಯ ನಡೆಸುವುದರಲ್ಲಿ ಏನರ್ಥ ಎಂದು ಯಾರಾದರೂ ಕೇಳಬಹುದು. ಮಕ್ಕಳಿಗೆ ನಾಳೆ ಏನೆಂದು ಗೊತ್ತಿರಲಿಲ್ಲ. ಶನಿವಾರ ಏನು ನಡೆಯುತ್ತದೆಂದು ಮಾತ್ರ ಗೊತ್ತಿತ್ತು. ಆ ವಯಸ್ಸಿಗೆ ಅದೇ ದೊಡ್ಡ ಆಸರೆ ಎಂದು ನನಗೆ ತೋರುತ್ತದೆ.

1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕವಾಡಿದರು. ಅದು ನಮ್ಮ ರವೀಂದ್ರನಾಥ ಠಾಕೂರರ ಡಾಕ್‌ಘರ್. ಕಾಯಿಲೆಯಿಂದ ಕೋಣೆಯೊಳಗೇ ಇರಬೇಕಾದ ಅಮಲ್ ಎಂಬ ಹುಡುಗ ಕಿಟಕಿಯ ಬಳಿ ಕೂತು ಹಾದುಹೋಗುವವರನ್ನು ಮಾತಾಡಿಸುತ್ತಾನೆ, ಎದುರಿಗೆ ಬಂದ ಹೊಸ ಅಂಚೆಮನೆಯಿಂದ ತನಗೆ ರಾಜನ ಓಲೆ ಬರುತ್ತದೆಂದು ಕಾಯುತ್ತಾನೆ, ಕೊನೆಗೆ ನಿದ್ರೆಗೆ ಜಾರುತ್ತಾನೆ. ಗೋಡೆಯೊಳಗೆ ಕೂತ ಪ್ರೇಕ್ಷಕರಿಗೆ ಯಾರೂ ಅರ್ಥ ಹೇಳಬೇಕಿರಲಿಲ್ಲ. ಈ ನಾಟಕವನ್ನೇ ಏಕೆ ಆರಿಸಿದಿರಿ ಎಂದು ಕೇಳಿದವರಿಗೆ, ಸಾವನ್ನು ಶಾಂತವಾಗಿ ಬರಮಾಡಿಕೊಳ್ಳಲು ಕಲಿಯಬೇಕಾಗಿದೆ ಎಂಬರ್ಥದಲ್ಲಿ ಕೋರ್ಚಾಕರು ಉತ್ತರಿಸಿದರಂತೆ. ಮಕ್ಕಳಿಗೆ ಎಲ್ಲವೂ ಸರಿಹೋಗುತ್ತದೆ ಎಂದು ಸುಳ್ಳು ಹೇಳುವ ದಾರಿ ಅವರದಾಗಿರಲಿಲ್ಲ, ಹೆದರಿಸುವ ದಾರಿಯೂ ಅಲ್ಲ. ಹಾಗಿದ್ದಾಗ ಉಳಿದದ್ದು ಕಥೆಯ ದಾರಿ.

ನಾಲ್ಕು ದಿನಗಳ ನಂತರ, ಜುಲೈ 22ರಂದು, ಘೆಟ್ಟೋದಿಂದ ಜನರನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸುವ ಕೆಲಸ ಆರಂಭವಾಯಿತು. ಅದು ಕೋರ್ಚಾಕರ ಜನ್ಮದಿನವೂ ಹೌದು. ಅವರೊಬ್ಬರನ್ನು ಹೊರಗೆ ಸಾಗಿಸಲು ಗೆಳೆಯರು ಹಿಂದೆ ಹಲವು ಸಲ ಮುಂದೆ ಬಂದಿದ್ದರು, ಅವರು ಒಪ್ಪಿರಲಿಲ್ಲ. ಅವರ ದಿನಚರಿಯ ಕೊನೆಯ ಬರಹ ಆಗಸ್ಟ್ ಮೊದಲ ವಾರದ್ದು. ಬೆಳಗ್ಗೆ ಕಿಟಕಿಯ ಹೂಗಿಡಗಳಿಗೆ ನೀರು ಹಾಕುತ್ತಿದ್ದಾರೆ. ಕೆಳಗೆ ಬಂದೂಕು ಹಿಡಿದ ಜರ್ಮನ್ ಕಾವಲುಗಾರ ನಿಂತು ನೋಡುತ್ತಿದ್ದಾನೆ. ತನ್ನ ಬೋಳುತಲೆ ಅವನಿಗೆ ಒಳ್ಳೆಯ ಗುರಿ ಎಂದು ಯೋಚಿಸಿದ ಕೋರ್ಚಾಕರು ಮುಂದುವರಿದು, ಸೈನ್ಯಕ್ಕೆ ಸೇರುವ ಮೊದಲು ಇವನು ಯಾವುದೋ ಹಳ್ಳಿಯ ಮೇಷ್ಟರಾಗಿದ್ದನೋ ಏನೋ, ತಾನು ತಲೆಯಾಡಿಸಿ ವಂದಿಸಿದರೆ ಏನು ಮಾಡಿಯಾನು ಎಂದು ಊಹಿಸುತ್ತಾರೆ.

ಮರುದಿನವೋ ಅದರ ಮರುದಿನವೋ ಅನಾಥಾಲಯದ ಸರದಿ ಬಂತು. ಸುಮಾರು ಇನ್ನೂರು ಮಕ್ಕಳು, ಜೊತೆಗೆ ಸ್ಟೆಫಾ, ಕೆಲವು ಸಿಬ್ಬಂದಿ, ಕೋರ್ಚಾಕರು ಸಾಲಾಗಿ ಬೀದಿಗಳಲ್ಲಿ ನಡೆದು ರೈಲು ಹತ್ತುವ ಅಂಗಳಕ್ಕೆ ಹೋದುದನ್ನು ಕಂಡವರು ಬರೆದಿಟ್ಟಿದ್ದಾರೆ. ಯಾರೂ ಮರಳಲಿಲ್ಲ.

ಮಕ್ಕಳ ಹಕ್ಕುಗಳಿಗಾಗಿ ಅಂತರರಾಷ್ಟ್ರೀಯ ಒಡಂಬಡಿಕೆ ಬೇಕೆಂದು 1978ರಲ್ಲಿ ವಿಶ್ವಸಂಸ್ಥೆಯ ಮುಂದೆ ಪ್ರಸ್ತಾವ ಇಟ್ಟದ್ದು ಪೋಲೆಂಡ್. ಅದು 1989ರಲ್ಲಿ ಅಂಗೀಕಾರವಾಯಿತು, ಭಾರತ 1992ರಲ್ಲಿ ಒಪ್ಪಿ ಸೇರಿತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಟ್ರೆಬ್ಲಿಂಕಾದ ಬಯಲಿನಲ್ಲಿ ಈಗ ಸತ್ತವರ ನೆನಪಿಗಾಗಿ ಸುಮಾರು 17,000 ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಹಲವು ಕಲ್ಲುಗಳ ಮೇಲೆ ಊರುಗಳ ಹೆಸರಿದೆ. ಒಬ್ಬ ವ್ಯಕ್ತಿಯ ಹೆಸರು ಕೆತ್ತಿರುವ ಕಲ್ಲು ಒಂದೇ. ಅದರ ಮೇಲೆ ಯಾನುಷ್ ಕೋರ್ಚಾಕ್ ಎಂಬ ಹೆಸರಿನ ಜೊತೆಗೆ ಮತ್ತು ಮಕ್ಕಳು ಎಂದೂ ಕೆತ್ತಿದ್ದಾರೆ.